ಗಾಲ್ಫ್ ಮೈದಾನದಲ್ಲಿ ಮೊದಲ ದಿನ: ಹೊಸಬರು ಅರಿತಿರಬೇಕಾದ ಸಂಗತಿಗಳು

ಉಳ್ಳಾಲದ ತೊಕ್ಕೊಟ್ಟಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟು, ನೇತ್ರಾವತಿ ಸೇತುವೆ ದಾಟಿ, ಪಂಪ್‌ವೆಲ್ ಮತ್ತು ನಂತೂರಿನ ಮೂಲಕ ಮೂಡುಬಿದಿರೆ ರಸ್ತೆ ಹಿಡಿದರೆ ಕುಲಶೇಖರ, ವಾಮಂಜೂರುಗಳ ಬಳಿಕ ಮೂಡುಶೆಡ್ಡೆಯ ಪಿಲಿಕುಳ ಸಿಗುತ್ತದೆ. ತುಳುವಿನಲ್ಲಿ 'ಪಿಲಿ' ಎಂದರೆ ಹುಲಿ. ಡಾ. ಶಿವರಾಮ ಕಾರಂತರ ಹೆಸರು ಹೊತ್ತ ಇಲ್ಲಿನ ನಿಸರ್ಗಧಾಮಕ್ಕೆ ಮೃಗಾಲಯ, ಕೆರೆ ಹಾಗೂ ವಿಜ್ಞಾನ ಕೇಂದ್ರವನ್ನು ನೋಡಲೆಂದು ಬರುವವರೇ ಹೆಚ್ಚು. ಅದೇ ಪರಿಸರದಲ್ಲಿ ಒಂದು ಗಾಲ್ಫ್ ಮೈದಾನವೂ ಇದೆ ಎಂಬುದು ಕರಾವಳಿಯ ಅನೇಕರಿಗೆ ತಿಳಿದಿಲ್ಲ. ತಿಳಿದವರಲ್ಲೂ ಬೇಲಿಯಾಚೆಗಿನ ಹಸಿರನ್ನು ಕಂಡು 'ಇದು ನಮ್ಮಂಥವರ ಆಟವಲ್ಲ' ಎಂದು ಹಿಂದೆ ಸರಿಯುವವರೇ ಬಹಳ.

ಮೊದಲ ಬಾರಿಗೆ ಗಾಲ್ಫ್ ಆಡಲು ಹೊರಟವರ ಅಂಜಿಕೆಗೆ ಚೆಂಡು ಕಾರಣವಲ್ಲ, ಸುತ್ತ ನಿಂತವರ ಕಣ್ಣುಗಳು ಕಾರಣ. ಹೊಡೆತ ತಪ್ಪಿದರೆ ನಗುವರೇನೋ, ನಿಯಮ ತಿಳಿಯದೆ ಅವಮಾನವಾದೀತೇನೋ ಎಂಬ ಭಯ ಸಹಜವಾದುದೇ. ಆದರೆ ಅನುಭವಿ ಆಟಗಾರರು ಯಾರೂ ಹೊಸಬರಿಂದ ಒಳ್ಳೆಯ ಹೊಡೆತವನ್ನು ನಿರೀಕ್ಷಿಸುವುದಿಲ್ಲ. ಅವರು ನಿರೀಕ್ಷಿಸುವುದು ಮೂರನ್ನು ಮಾತ್ರ: ಯಾರಿಗೂ ಪೆಟ್ಟಾಗಬಾರದು, ಯಾರನ್ನೂ ಕಾಯಿಸಬಾರದು, ನೆಲವನ್ನು ಕೆಡಿಸಿ ಹೋಗಬಾರದು. ಇವುಗಳ ಜೊತೆಗೆ ತನ್ನ ಹೊಡೆತಗಳನ್ನು ತಾನೇ ಪ್ರಾಮಾಣಿಕವಾಗಿ ಎಣಿಸಿಕೊಂಡರೆ ಮೊದಲ ದಿನದ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆಯೇ.

ಕಡಲ ಮರಳಿನ ಆಟ

ಗಾಲ್ಫ್ ಇಂದಿನ ರೂಪ ಪಡೆದದ್ದು ಸ್ಕಾಟ್ಲೆಂಡಿನಲ್ಲಿ. ಯುವಕರು ಬಿಲ್ವಿದ್ಯೆಯ ಅಭ್ಯಾಸವನ್ನು ಬಿಟ್ಟು ಈ ಆಟದಲ್ಲಿ ಮುಳುಗುತ್ತಿದ್ದಾರೆಂದು ಅಲ್ಲಿನ ಸಂಸತ್ತು 1457ರಲ್ಲಿ ಇದನ್ನು ನಿಷೇಧಿಸಿತ್ತು. ಕಡಲಿಗೂ ಕೃಷಿಭೂಮಿಗೂ ನಡುವೆ ಉಳಿಯುತ್ತಿದ್ದ, ಬೆಳೆಗೆ ಒದಗದ ಮರಳುನೆಲವನ್ನು ಅಲ್ಲಿ 'ಲಿಂಕ್ಸ್' ಎನ್ನುತ್ತಿದ್ದರು. ಆಟ ಬೆಳೆದದ್ದು ಆ ನೆಲದ ಮೇಲೆ. ಸೋಮೇಶ್ವರ, ಉಳ್ಳಾಲಗಳ ಕಡಲಂಚಿನ ಮರಳುಪಟ್ಟಿಯನ್ನು ಬಲ್ಲವರಿಗೆ ಅಂಥ ನೆಲದ ಕಲ್ಪನೆ ಕಷ್ಟವಲ್ಲ. ಇಂದಿನ ಮೈದಾನಗಳಲ್ಲಿ ಬೇಕೆಂದೇ ನಿರ್ಮಿಸುವ ಮರಳುಗುಂಡಿಗಳು ಆ ಮೂಲನೆಲದ ನೆನಪುಗಳೇ ಆಗಿವೆ. ಸೇಂಟ್ ಆಂಡ್ರ್ಯೂಸ್‌ನಲ್ಲಿ 22 ಹೋಲ್‌ಗಳ ಸುತ್ತನ್ನು 1764ರಲ್ಲಿ 18ಕ್ಕೆ ಇಳಿಸಲಾಯಿತು. ಮುಂದೆ ಆ ಸಂಖ್ಯೆಯೇ ಜಗತ್ತಿಗೆಲ್ಲ ಮಾದರಿಯಾಯಿತು.

ಭಾರತಕ್ಕೆ ಆಟ ಬಂದದ್ದು ಬ್ರಿಟಿಷರ ಮೂಲಕ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರಲ್ಲೂ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲೂ ಆರಂಭವಾದವು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಕುದುರೆ ಪಂದ್ಯದ ಮೈದಾನದಲ್ಲಿ, ಕೊಡಗಿನ ಮಡಿಕೇರಿ ಮತ್ತು ಬಿಟ್ಟಂಗಾಲದಲ್ಲಿ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ, ಬಿಡದಿ ಹಾಗೂ ನಂದಿಬೆಟ್ಟದ ಆಸುಪಾಸಿನಲ್ಲಿ ಹೀಗೆ ರಾಜ್ಯದ ಹಲವೆಡೆ ಗಾಲ್ಫ್ ನೆಲೆಯೂರಿದೆ. ಪ್ರತಿಯೊಂದು ಮೈದಾನದ ಏರಿಳಿತವೂ ಬೇರೆ. ಹೀಗಾಗಿ ಹತ್ತು ವರ್ಷ ಆಡಿದವರೂ ಹೊಸ ಮೈದಾನಕ್ಕೆ ಬಂದಾಗ ಮಟ್ಟಿಗೆ ಹೊಸಬರೇ.

ಮೈದಾನದ ರಚನೆ

'ಹೋಲ್' ಎಂಬ ಪದಕ್ಕೆ ಇಲ್ಲಿ ಎರಡರ್ಥವಿದೆ. ಚೆಂಡು ಕೊನೆಗೆ ಬೀಳಬೇಕಾದ ಕುಳಿ ಒಂದು. ಆ ಕುಳಿಯವರೆಗಿನ ಇಡೀ ಹಾದಿ ಇನ್ನೊಂದು. ಹಾದಿ ಆರಂಭವಾಗುವ ಸಮತಟ್ಟಾದ ಜಾಗವೇ 'ಟೀ'. ಅಲ್ಲಿಂದ ಮುಂದೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ ದಾರಿ 'ಫೇರ್‌ವೇ'. ಅದರ ಅಕ್ಕಪಕ್ಕದ ಎತ್ತರದ ಹುಲ್ಲು 'ರಫ್', ಮರಳುಗುಂಡಿ 'ಬಂಕರ್', ಕೊನೆಯಲ್ಲಿ ಅತಿ ನಯವಾಗಿ ಕತ್ತರಿಸಿದ ಹುಲ್ಲಿನ ಅಂಗಳ 'ಗ್ರೀನ್'. ಧ್ವಜ ನೆಟ್ಟ ಕುಳಿ ಇರುವುದು ಈ ಗ್ರೀನ್‌ನಲ್ಲಿ. ಕುಳಿಯ ವ್ಯಾಸ 108 ಮಿ.ಮೀ. ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ, ತೂಕ 45.93 ಗ್ರಾಂ ಮೀರುವಂತಿಲ್ಲ.

ನುರಿತ ಆಟಗಾರರು ಒಂದು ಹೋಲ್ ಮುಗಿಸಲು ತೆಗೆದುಕೊಳ್ಳಬೇಕಾದ ಹೊಡೆತಗಳ ಸಂಖ್ಯೆಗೆ 'ಪಾರ್' ಎನ್ನುತ್ತಾರೆ. ಉದ್ದಕ್ಕೆ ತಕ್ಕಂತೆ ಅದು 3, 4 ಅಥವಾ 5 ಇರುತ್ತದೆ. 18 ಹೋಲ್‌ಗಳ ಒಟ್ಟು ಪಾರ್ ಸಾಮಾನ್ಯವಾಗಿ 72ರ ಆಸುಪಾಸು. ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ 'ಬರ್ಡಿ', ಎರಡು ಕಡಿಮೆಯಾದರೆ 'ಈಗಲ್', ಒಂದು ಹೆಚ್ಚಾದರೆ 'ಬೋಗಿ'. ಮೊದಲ ದಿನ ಪಾರ್ 4ರ ಹೋಲ್‌ನಲ್ಲಿ ಎಂಟು, ಹತ್ತು ಹೊಡೆತಗಳಾದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಆಟಗಾರರ ಮಟ್ಟದ ಅಂತರವನ್ನು ಸರಿದೂಗಿಸಲು 'ಹ್ಯಾಂಡಿಕ್ಯಾಪ್' ಎಂಬ ವ್ಯವಸ್ಥೆಯಿದೆ. 2020ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಲ್ಲಿ ಇದರ ಗರಿಷ್ಠ ಸೂಚ್ಯಂಕ 54. ಸ್ಥೂಲವಾಗಿ ಹೇಳುವುದಾದರೆ, ಪ್ರತಿ ಹೋಲ್‌ನಲ್ಲಿ ಪಾರ್‌ಗಿಂತ ಮೂರು ಹೊಡೆತ ಹೆಚ್ಚು ತೆಗೆದುಕೊಳ್ಳುವವರಿಗೂ ಈ ಆಟದಲ್ಲಿ ಅಧಿಕೃತ ಸ್ಥಾನವಿದೆ.

ಹೊರಡುವ ಮುನ್ನ

ನೇರವಾಗಿ ಮೈದಾನಕ್ಕಿಳಿಯುವುದು ಹೊಸಬರು ಮಾಡುವ ಮೊದಲ ತಪ್ಪು. ಅಭ್ಯಾಸದ ಅಂಗಳದಲ್ಲಿ, ಅಂದರೆ 'ಡ್ರೈವಿಂಗ್ ರೇಂಜ್'ನಲ್ಲಿ, ತರಬೇತುದಾರರ ಎದುರು ಕೆಲವು ದಿನವಾದರೂ ಚೆಂಡು ಹೊಡೆದು, ಅದನ್ನು ಹತ್ತರಲ್ಲಿ ಐದಾರು ಬಾರಿಯಾದರೂ ಗಾಳಿಗೇರಿಸಲು ಬಂದ ಮೇಲೆ ಮೈದಾನದ ಯೋಚನೆ ಮಾಡುವುದು ಲೇಸು.

ಎರಡನೆಯದಾಗಿ, ದೂರವಾಣಿಯಲ್ಲಿ ಕೆಲವು ವಿಷಯಗಳನ್ನು ವಿಚಾರಿಸಿಕೊಳ್ಳಬೇಕು. ಸದಸ್ಯರಲ್ಲದವರಿಗೆ ಪ್ರವೇಶವಿದೆಯೇ, ಯಾವ ದಿನಗಳಲ್ಲಿ, ಸದಸ್ಯರೊಬ್ಬರ ಜೊತೆಗೂಡಿ ಬರಬೇಕೇ, ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಕಡ್ಡಾಯವೇ, ಮೈದಾನದ ಶುಲ್ಕ ಹಾಗೂ ಕ್ಯಾಡಿಯ ಶುಲ್ಕವೆಷ್ಟು, ದಾಂಡುಗಳು ಬಾಡಿಗೆಗೆ ದೊರೆಯುತ್ತವೆಯೇ ಎಂಬ ಪ್ರಶ್ನೆಗಳಿಗೆ ಒಂದೊಂದು ಕ್ಲಬ್‌ನಲ್ಲಿ ಒಂದೊಂದು ಉತ್ತರ. ಪಂದ್ಯಾವಳಿಯ ದಿನಗಳಲ್ಲಿ ಮೈದಾನ ಇತರರಿಗೆ ಮುಚ್ಚಿರುವುದುಂಟು. ವಾರದ ನಡುವಿನ ದಿನಗಳಲ್ಲಿ ಜನಸಂದಣಿ ಕಡಿಮೆ ಇರುವುದರಿಂದ ಹೊಸಬರಿಗೆ ಅವೇ ಅನುಕೂಲ.

ಉಡುಪಿನ ಬಗ್ಗೆ ಬಹುತೇಕ ಕ್ಲಬ್‌ಗಳು ಕಟ್ಟುನಿಟ್ಟು. ಕಾಲರ್ ಇರುವ ಅಂಗಿ, ಸಾದಾ ಪ್ಯಾಂಟ್ ಅಥವಾ ಮೊಣಕಾಲುದ್ದದ ಚಡ್ಡಿ ಸಾಮಾನ್ಯವಾಗಿ ಸಲ್ಲುತ್ತವೆ. ಜೀನ್ಸ್, ಕಾಲರ್ ಇಲ್ಲದ ಬನಿಯನ್ ಮಾದರಿಯ ಅಂಗಿ, ಹವಾಯಿ ಚಪ್ಪಲಿ ಸಲ್ಲುವುದಿಲ್ಲ. ಮೆದು ಅಡಿಯ ಬೂಟು ಸಾಕು.

ನಿಯಮದಂತೆ ಒಬ್ಬರ ಚೀಲದಲ್ಲಿ 14 ದಾಂಡುಗಳಿಗಿಂತ ಹೆಚ್ಚು ಇರುವಂತಿಲ್ಲ. ಹೊಸಬರಿಗೆ ಅಷ್ಟೂ ಬೇಕಿಲ್ಲ. ದೂರದ ಹೊಡೆತಕ್ಕೊಂದು, ನಡುವಿನ ದೂರಕ್ಕೆ ಎರಡು ಮೂರು ಐರನ್‌ಗಳು, ಬಂಕರ್‌ನಿಂದ ಎತ್ತಲು ಒಂದು ವೆಜ್, ಗ್ರೀನ್‌ನಲ್ಲಿ ಉರುಳಿಸಲು ಪಟ್ಟರ್ ಇದ್ದರೆ ಕೆಲಸ ಸಾಗುತ್ತದೆ. ಆದರೆ ಚೆಂಡುಗಳು ಮಾತ್ರ ಹತ್ತಕ್ಕೆ ಕಡಿಮೆಯಿರಬಾರದು. ಹಳೆಯವೇ ಸಾಕು, ಕಳೆದುಹೋಗುವುದು ಖಚಿತ. ಟೀ ಕಡ್ಡಿಗಳು, ಚೆಂಡಿನ ಜಾಗ ಗುರುತಿಸಲು ಒಂದು ನಾಣ್ಯ, ಟೋಪಿ, ಟವೆಲು, ನೀರು ಜೊತೆಗಿರಲಿ.

18 ಹೋಲ್‌ಗಳ ಆಟಕ್ಕೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಬೇಕು. ನಡಿಗೆಯೇ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಹಗುರದ ಮಾತಲ್ಲ. ಬೆಳಗಿನ ಮೊದಲ ಸರದಿಯಲ್ಲಿ ಒಂಬತ್ತು ಹೋಲ್‌ಗಳನ್ನಷ್ಟೇ ಆಡಿ, ಬೊಂಡ ಕುಡಿದು ಮನೆಗೆ ಮರಳುವುದು ಮೊದಲ ದಿನಕ್ಕೆ ಯೋಗ್ಯವಾದ ಯೋಜನೆ. ಮಧ್ಯಾಹ್ನದ ಬಳಿಕ ಬೀಸುವ ಕಡಲಗಾಳಿ ಚೆಂಡಿನ ದಿಕ್ಕನ್ನೂ ದೂರವನ್ನೂ ಬದಲಿಸುತ್ತದೆ ಎಂಬುದು ಬೆಳಿಗ್ಗೆ ಆಡಲು ಇನ್ನೊಂದು ಕಾರಣ.

ಮೊದಲ ಹೊಡೆತ

ಎಲ್ಲರ ಕಣ್ಣೂ ತಮ್ಮ ಮೇಲಿದೆ ಎಂದು ಹೊಸಬರಿಗೆ ಅನಿಸುವುದು ಮೊದಲ ಟೀಯಲ್ಲಿ. ಹಲವು ಬಣ್ಣದ ಗುರುತುಗಳು ಅಲ್ಲಿರುತ್ತವೆ. ಬಣ್ಣ ಯಾವುದೇ ಇರಲಿ, ಗ್ರೀನ್‌ಗೆ ಅತಿ ಸಮೀಪದ ಗುರುತಿನಿಂದ ಆರಂಭಿಸುವುದು ಜಾಣತನ. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಚೆಂಡನ್ನು ಎರಡು ಗುರುತುಗಳ ನಡುವೆ ಇಡಬೇಕು. ಹಿಂದೆ ಎರಡು ದಾಂಡಿನ ಉದ್ದದವರೆಗೆ ಇಡಬಹುದು, ಗುರುತುಗಳ ಮುಂದೆ ಇಡುವಂತಿಲ್ಲ.

ದಾಂಡು ಬೀಸುವ ಮುನ್ನ ಮುಂದಿನ ತಂಡ ಚೆಂಡು ತಲುಪದಷ್ಟು ದೂರ ಹೋಗಿದೆಯೇ, ಹುಲ್ಲು ಕತ್ತರಿಸುವ ಕಾರ್ಮಿಕರು ಹಾದಿಯಲ್ಲಿದ್ದಾರೆಯೇ, ಹತ್ತಿರ ಯಾರಾದರೂ ನಿಂತಿದ್ದಾರೆಯೇ ಎಂಬುದನ್ನು ನೋಡಲೇಬೇಕು. ಗಾಲ್ಫ್ ಚೆಂಡು ಗಟ್ಟಿಯಾದುದು. ಅದು ತಲೆಗೆ ಅಥವಾ ಕಣ್ಣಿಗೆ ಬಡಿದರೆ ಆಗುವ ಅನಾಹುತ ಸಣ್ಣದಲ್ಲ. ಚೆಂಡು ಯಾರತ್ತಲಾದರೂ ಸಾಗಿದರೆ ತಕ್ಷಣ 'ಫೋರ್' ಎಂದು ಗಟ್ಟಿಯಾಗಿ ಕೂಗುವುದು ಜಗತ್ತಿನೆಲ್ಲೆಡೆ ಇರುವ ಪದ್ಧತಿ. ನಾಚಿಕೆಯಿಂದ ಬಾಯಿ ಕಟ್ಟಿಕೊಂಡರೆ ಅದು ಅಪರಾಧಕ್ಕೆ ಸಮ. ಆ ಕೂಗು ಕೇಳಿದವರು ತಿರುಗಿ ನೋಡಬಾರದು. ತಲೆಯನ್ನು ಕೈಗಳಿಂದ ಮುಚ್ಚಿಕೊಂಡು ಬಾಗಬೇಕು.

ಇನ್ನೊಬ್ಬರು ಹೊಡೆಯುವಾಗ ಮೌನವಾಗಿ, ಕದಲದೆ, ಅವರ ಬೆನ್ನ ಹಿಂದೆ ಅಥವಾ ಚೆಂಡು ಸಾಗುವ ದಿಕ್ಕಿನಲ್ಲಿ ನಿಲ್ಲದೆ ಇರಬೇಕು. ಮೊಬೈಲ್ ಸದ್ದು ಮಾಡುವಂತಿಲ್ಲ.

ಕಳೆದ ಚೆಂಡು, ಕಳೆಯುವ ಕಾಲ

ಚೆಂಡು ಬಿದ್ದಲ್ಲಿಂದಲೇ, ಬಿದ್ದ ಸ್ಥಿತಿಯಲ್ಲೇ ಆಡಬೇಕು ಎಂಬುದು ಗಾಲ್ಫ್‌ನ ಮೂಲ ನಿಯಮ. ಉಳಿದ ಅನೇಕ ನಿಯಮಗಳು ಇದಕ್ಕೆ ವಿನಾಯಿತಿಗಳು. ಬಿಳಿ ಗೂಟಗಳು ಸಾಮಾನ್ಯವಾಗಿ ಮೈದಾನದ ಎಲ್ಲೆಯನ್ನು ಸೂಚಿಸುತ್ತವೆ. ಅವುಗಳಾಚೆ ಬಿದ್ದ ಚೆಂಡನ್ನು ಆಡುವಂತಿಲ್ಲ. ಒಂದು ದಂಡದ ಹೊಡೆತ ಸೇರಿಸಿ, ಹಿಂದೆ ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಕಳೆದುಹೋದ ಚೆಂಡಿಗೂ ಇದೇ ನಿಯಮ. ಹಿಂದಕ್ಕೆ ನಡೆಯುವುದನ್ನು ತಪ್ಪಿಸಲು, ಚೆಂಡು ಕಳೆದಿರಬಹುದೆಂಬ ಅನುಮಾನ ಬಂದೊಡನೆ ಜೊತೆಗಾರರಿಗೆ ತಿಳಿಸಿ 'ತಾತ್ಕಾಲಿಕ ಚೆಂಡು' ಒಂದನ್ನು ಹೊಡೆದಿಡಬಹುದು. ಕೆಲವು ಮೈದಾನಗಳಲ್ಲಿ ಸ್ಥಳೀಯ ನಿಯಮದ ಮೂಲಕ ಎರಡು ದಂಡದ ಹೊಡೆತಗಳೊಂದಿಗೆ ಮುಂದಿನಿಂದಲೇ ಆಡುವ ಅವಕಾಶವನ್ನೂ ನೀಡಲಾಗುತ್ತದೆ.

ಹಳದಿ ಅಥವಾ ಕೆಂಪು ಗೂಟಗಳಿಂದ ಗುರುತಿಸಿದ ಕೆರೆ, ತೋಡುಗಳಲ್ಲಿ ಚೆಂಡು ಬಿದ್ದರೆ, ಸಾಧ್ಯವಿದ್ದಲ್ಲಿ ಅಲ್ಲಿಂದಲೇ ಆಡಬಹುದು. ಇಲ್ಲವಾದರೆ ಒಂದು ದಂಡದ ಹೊಡೆತದೊಂದಿಗೆ ಹೊರಗೆ ಚೆಂಡು ಬೀಳಿಸಿ ಆಡಬಹುದು. 2019ರ ಪರಿಷ್ಕರಣೆಯ ಬಳಿಕ ಚೆಂಡನ್ನು ಮೊಣಕಾಲಿನ ಎತ್ತರದಿಂದ ಬೀಳಿಸಬೇಕು, ಭುಜದ ಎತ್ತರದಿಂದಲ್ಲ.

ಅದೇ ಪರಿಷ್ಕರಣೆಯಲ್ಲಿ ಚೆಂಡು ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಲಾಯಿತು. ಸರದಿ ಬಂದ ಮೇಲೆ ಒಂದು ಹೊಡೆತಕ್ಕೆ 40 ಸೆಕೆಂಡುಗಳಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂಬುದು ನಿಯಮಾವಳಿಯ ಶಿಫಾರಸು. ಒಂದು ತಂಡ ತಡ ಮಾಡಿದರೆ ಅದರ ಹಿಂದಿನ ಎಲ್ಲ ತಂಡಗಳೂ ಬಿಸಿಲಲ್ಲಿ ಕಾಯಬೇಕಾಗುತ್ತದೆ. ಹೊಸಬರ ಮೇಲೆ ಬರುವ ಸಿಡುಕಿಗೆ ಕಾರಣ ಬಹುಪಾಲು ಇದೇ, ಕೆಟ್ಟ ಹೊಡೆತಗಳಲ್ಲ. ಹಿಂದಿನ ತಂಡ ಕಾಯುತ್ತಿದ್ದು, ಮುಂದಿನ ಹೋಲ್ ಖಾಲಿಯಿದ್ದರೆ ಅವರಿಗೆ ದಾರಿ ಬಿಟ್ಟುಕೊಡುವುದು ಸೌಜನ್ಯ. ಸ್ನೇಹಪರ ಆಟದಲ್ಲಿ ಹೊಡೆತಗಳು ಪಾರ್‌ನ ಇಮ್ಮಡಿಯಾದಾಗ ಚೆಂಡನ್ನು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡೆಯುವುದೂ ಒಳ್ಳೆಯ ರೂಢಿ.

ಮರಳು ಮತ್ತು ಹಸಿರು

ಬಂಕರ್‌ನಲ್ಲಿ ಚೆಂಡು ಬಿದ್ದರೆ ಹೊಡೆಯುವ ಮೊದಲು ದಾಂಡಿನಿಂದ ಚೆಂಡಿನ ಹಿಂದಿನ ಮರಳನ್ನು ಮುಟ್ಟುವಂತಿಲ್ಲ. ಅಭ್ಯಾಸಕ್ಕೆಂದು ಬೀಸುವಾಗಲೂ ಮರಳು ತಾಗಬಾರದು. ತಾಗಿದರೆ ಎರಡು ಹೊಡೆತಗಳ ದಂಡ. ಬಂಕರ್‌ನ ತಗ್ಗಾದ ಅಂಚಿನಿಂದ ಇಳಿದು, ಹೊಡೆದ ಬಳಿಕ ಹೆಜ್ಜೆಗುರುತುಗಳನ್ನು ಅಲ್ಲೇ ಇರುವ ಕುಂಟೆಯಿಂದ ಸಮಗೊಳಿಸಿ ಬರಬೇಕು. ಹಿಂದೆ ಬರುವವರ ಚೆಂಡು ಆ ಹೆಜ್ಜೆಗುಳಿಯಲ್ಲೇ ಬಿದ್ದೀತೆಂಬ ಎಚ್ಚರ ಇದಕ್ಕೆ ಕಾರಣ.

ಫೇರ್‌ವೇಯಲ್ಲಿ ಹೊಡೆತದೊಂದಿಗೆ ಹಾರಿದ ಹುಲ್ಲಿನ ಹೆಂಟೆಯನ್ನು ಮರಳಿ ಕೂರಿಸಿ ತುಳಿಯಬೇಕು, ಇಲ್ಲವೇ ಮರಳಿನಿಂದ ತುಂಬಬೇಕು. ಗ್ರೀನ್ ಮೇಲೆ ಚೆಂಡು ಬಿದ್ದು ಉಂಟಾದ ತಗ್ಗನ್ನು ಅಂಚಿನಿಂದ ನಡುವಿಗೆ ಒತ್ತಿ ಸರಿಪಡಿಸಬೇಕು. ಅಲ್ಲಿ ಓಡಬಾರದು, ಕಾಲೆಳೆದು ನಡೆಯಬಾರದು, ಚೀಲ ಇಡಬಾರದು. ಇನ್ನೊಬ್ಬರ ಚೆಂಡು ಕುಳಿಯತ್ತ ಉರುಳಬೇಕಾದ ಗೆರೆಯನ್ನು ತುಳಿಯುವುದು ಗಾಲ್ಫ್‌ನಲ್ಲಿ ದೊಡ್ಡ ಅಸಭ್ಯತೆ. ಚೆಂಡನ್ನು ಎತ್ತುವ ಮೊದಲು ಅದರ ಹಿಂದೆ ನಾಣ್ಯವಿಟ್ಟು ಗುರುತು ಮಾಡಬೇಕು. 2019ರಿಂದ ಧ್ವಜವನ್ನು ಕುಳಿಯಲ್ಲೇ ಬಿಟ್ಟು ಚೆಂಡು ಉರುಳಿಸಲು ಅನುಮತಿಯಿದೆ.

ಮಳೆ, ಮಿಂಚು, ಹಾವು

ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರು ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಲ್ಫ್ ಮಳೆಯ ಮರ್ಜಿಗೆ ಒಳಪಟ್ಟದ್ದು. ಮಳೆನೀರು ತಾತ್ಕಾಲಿಕವಾಗಿ ನಿಂತ ಜಾಗದಲ್ಲಿ ಚೆಂಡು ಬಿದ್ದರೆ ಅಥವಾ ಕೆಸರಿನಲ್ಲಿ ಹೂತುಹೋದರೆ, ಹತ್ತಿರದ ಸೂಕ್ತ ಜಾಗದಲ್ಲಿ ಬೀಳಿಸಿ ದಂಡವಿಲ್ಲದೆ ಆಡಬಹುದು. ಬಂಕರ್ ಮುಂತಾದೆಡೆ ಮಾತ್ರ ಈ ನಿಯಮಗಳು ಬೇರೆ.

ಮಳೆಗಿಂತ ಅಪಾಯಕಾರಿಯಾದುದು ಮುಂಗಾರಿಗೆ ಮುನ್ನ ಹಾಗೂ ಹಿಂಗಾರಿನ ಸಂಜೆಗಳಲ್ಲಿ ಎರಗುವ ಸಿಡಿಲು. ಬಯಲಿನಲ್ಲಿ ಲೋಹದ ದಾಂಡು ಹಿಡಿದು ನಿಂತವರಿಗೂ ಒಂಟಿ ಮರದ ಕೆಳಗೆ ಆಶ್ರಯ ಪಡೆದವರಿಗೂ ಅಪಾಯ ಒಂದೇ. ಗುಡುಗು ಕೇಳಿದೊಡನೆ ಕಟ್ಟಡ ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು. ಸಿಡಿಲಿನ ಭೀತಿಯಿದ್ದಾಗ ಯಾರ ಅನುಮತಿಗೂ ಕಾಯದೆ ಆಟ ನಿಲ್ಲಿಸುವ ಹಕ್ಕನ್ನು ನಿಯಮಾವಳಿಯೇ ಆಟಗಾರರಿಗೆ ನೀಡಿದೆ. ಪಂದ್ಯಗಳಲ್ಲಿ ದೀರ್ಘವಾದ ಒಂದು ಸೈರನ್ ಮೊಳಗಿದರೆ ಆಟವನ್ನು ಆ ಕ್ಷಣವೇ ನಿಲ್ಲಿಸಬೇಕೆಂದರ್ಥ.

ಪೊದೆಯಲ್ಲಿ ಚೆಂಡು ಹುಡುಕುವಾಗ ಮೊದಲು ದಾಂಡಿನಿಂದ ತಡವಬೇಕು, ಕೈ ಹಾಕಬಾರದು. ವಿಷದ ಹಾವು ಅಥವಾ ಜೇನುಗೂಡಿನ ಬಳಿ ಚೆಂಡು ಬಿದ್ದರೆ ದಂಡವಿಲ್ಲದೆ ಸುರಕ್ಷಿತ ಜಾಗಕ್ಕೆ ಸರಿಯಲು ನಿಯಮವೇ ಅವಕಾಶ ಕೊಡುತ್ತದೆ. ನಿಂತಿದ್ದ ಚೆಂಡನ್ನು ಕಾಗೆಯೋ ನಾಯಿಯೋ ಕಚ್ಚಿಕೊಂಡು ಹೋದದ್ದು ಖಚಿತವಾಗಿದ್ದರೆ ಇನ್ನೊಂದು ಚೆಂಡನ್ನು ಅದೇ ಜಾಗದಲ್ಲಿಟ್ಟು ಆಡಬಹುದು. ಅದಕ್ಕೂ ದಂಡವಿಲ್ಲ.

ಕ್ಯಾಡಿ ಎಂಬ ಗುರು

ಹೊಸ ಮೈದಾನದಲ್ಲಿ ಹೊಸಬರಿಗೆ ದೊರೆಯುವ ದೊಡ್ಡ ನೆರವೆಂದರೆ ಕ್ಯಾಡಿ. ಚೀಲ ಹೊರುವುದಷ್ಟೇ ಅವರ ಕೆಲಸವಲ್ಲ. ಯಾವ ದಿಬ್ಬದಾಚೆ ಕೆರೆಯಿದೆ, ಗ್ರೀನ್ ಯಾವ ಕಡೆಗೆ ಇಳಿಜಾರಾಗಿದೆ, ಗಾಳಿ ಎತ್ತ ಬೀಸುತ್ತಿದೆ ಎಂಬುದೆಲ್ಲ ಅವರಿಗೆ ಅಂಗೈಯ ಗೆರೆಯಷ್ಟೇ ಪರಿಚಿತ. ಇದೇ ತನ್ನ ಮೊದಲ ಆಟವೆಂದು ಆರಂಭದಲ್ಲೇ ಅವರಲ್ಲಿ ಹೇಳಿಕೊಳ್ಳುವುದು ಉತ್ತಮ. ಅವರು ನಿಲ್ಲುವ ಜಾಗವನ್ನು ಗಮನಿಸದೆ ಹೊಡೆಯಬಾರದು. ಚೆಂಡು ತಾಗುವ ಅಪಾಯವನ್ನು ನಿತ್ಯವೂ ಎದುರಿಸುವವರು ಅವರೇ.

ಕ್ಯಾಡಿಗಳನ್ನು ಏಕವಚನದಲ್ಲಿ ಗದರುವ ಆಟಗಾರರು ನೆನಪಿಡಬೇಕಾದ ಸಂಗತಿಯೊಂದಿದೆ. 2009ರ ಇಂಡಿಯನ್ ಓಪನ್ ಪ್ರಶಸ್ತಿ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಒಂದು ಕಾಲದಲ್ಲಿ ಕ್ಯಾಡಿಯಾಗಿದ್ದವರು. ವೃತ್ತಿಪರ ಆಟಗಾರರಾಗಿ ಹೆಸರು ಮಾಡಿದ ಎಸ್. ಚಿಕ್ಕರಂಗಪ್ಪ ಅವರ ಗಾಲ್ಫ್ ಕೂಡ ಬಿಡದಿ ಬಳಿಯ ಮೈದಾನದಲ್ಲಿ ಕ್ಯಾಡಿಯಾಗಿಯೇ ಆರಂಭವಾಯಿತು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲಿ ಐದರ ಹರೆಯದಲ್ಲೇ ದಾಂಡು ಹಿಡಿದ ಅದಿತಿ ಅಶೋಕ್ ಅವರಿಗೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆಯೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿಯೂ ಕ್ಯಾಡಿಯಾಗಿದ್ದರು. ಟೋಕಿಯೊದಲ್ಲಿ ನಾಲ್ಕು ದಿನಗಳ ಆಟದ ಕೊನೆಗೆ ಅವರು ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ನಡುವೆ ಉಳಿದದ್ದು ಒಂದೇ ಒಂದು ಹೊಡೆತ.

ಎಣಿಕೆಯ ಪ್ರಾಮಾಣಿಕತೆ

ಆ ಒಂದು ಹೊಡೆತದ ಬೆಲೆ ತಿಳಿದವರಿಗೆ ಎಣಿಕೆಯ ಮಹತ್ವವೂ ತಿಳಿಯುತ್ತದೆ. ಸಾಮಾನ್ಯ ಆಟದಲ್ಲಿ ಪ್ರತಿ ತಂಡದ ಹಿಂದೆ ತೀರ್ಪುಗಾರರು ಇರುವುದಿಲ್ಲ. ಪೊದೆಯ ಮರೆಯಲ್ಲಿ ಚೆಂಡನ್ನು ಕಾಲಿನಿಂದ ಸರಿಸಿದರೆ ನೋಡುವವರಿಲ್ಲ. ಹೊಡೆಯಲು ಬೀಸಿದ ದಾಂಡಿಗೆ ಚೆಂಡು ತಾಗದಿದ್ದರೂ ಅದು ಒಂದು ಹೊಡೆತವೇ, ಅದನ್ನು ಎಣಿಸಬೇಕು. 1925ರ ಅಮೆರಿಕ ಓಪನ್‌ನಲ್ಲಿ ಬಾಬಿ ಜೋನ್ಸ್, ತಮ್ಮ ಚೆಂಡು ತುಸು ಕದಲಿತೆಂದು ತಾವೇ ಒಪ್ಪಿಕೊಂಡು ಒಂದು ಹೊಡೆತದ ದಂಡ ವಿಧಿಸಿಕೊಂಡರು. ಕೊನೆಗೆ ಪಂದ್ಯ ಸಮವಾಗಿ, ಹೆಚ್ಚುವರಿ ಆಟದಲ್ಲಿ ಅವರು ಸೋತರು. ಗಾಲ್ಫ್ ಲೋಕ ಅವರ ಆ ನಡತೆಯನ್ನು ಇಂದಿಗೂ ಸ್ಮರಿಸುತ್ತದೆ.

ಕೊನೆಯ ಗ್ರೀನ್‌ನಲ್ಲಿ ಟೋಪಿ ತೆಗೆದು ಜೊತೆಗಾರರ ಹಾಗೂ ಕ್ಯಾಡಿಯ ಕೈ ಕುಲುಕಿ, ಶುಲ್ಕ ಸಲ್ಲಿಸಿ ಹೊರಡುವುದು ಸಂಪ್ರದಾಯ. ಅಂಕಪಟ್ಟಿಯಲ್ಲಿ ಒಂಬತ್ತು ಹೋಲ್‌ಗಳಿಗೆ ಎಪ್ಪತ್ತೋ ಎಂಬತ್ತೋ ಹೊಡೆತಗಳು ದಾಖಲಾಗಿರಬಹುದು. ಕಳೆದ ಚೆಂಡುಗಳು ಆರೇಳು ಇರಬಹುದು. ಆದರೆ ಯಾರಿಗೂ ಪೆಟ್ಟಾಗದೆ, ಹಿಂದಿನ ತಂಡ ಕಾಯದೆ, ಬಂಕರ್‌ನ ಮರಳು ಸಮವಾಗಿ ಉಳಿದು, ಬರೆದ ಸಂಖ್ಯೆ ನಿಜವೇ ಆಗಿದ್ದರೆ ಆ ಹೊಸಬರನ್ನು ಮರುವಾರ ಆಟಕ್ಕೆ ಕರೆಯಲು ಯಾವ ಆಟಗಾರರೂ ಹಿಂಜರಿಯಲಾರರು.